ಯಂತ್ರ ಘರ್ಜಿಸುವುದಿಲ್ಲ

"ಘರ್ಜಿಸಿದ ಜೆಸಿಬಿ." ಈ ತಲೆಬರಹವನ್ನು ಕಾಣದ ಪತ್ರಿಕಾ ವಾಚಕರು ಬೆಂಗಳೂರಿನಲ್ಲಿ ಇರಲಾರರು. ಇದರ ಒಡಹುಟ್ಟಿದವು ಇನ್ನೂ ಕೆಲವಿವೆ: "ಬೆಳ್ಳಂಬೆಳಗ್ಗೆ ಬುಲ್ಡೋಜರ್ ಸದ್ದು", "ಒತ್ತುವರಿದಾರರಿಗೆ ಜೆಸಿಬಿ ಬಿಸಿ". ಓದಿ ಮುಂದಿನ ಪುಟ ತಿರುಗಿಸುತ್ತೇವೆ. ಕಾಫಿ ಆರುವುದರೊಳಗೆ ಸುದ್ದಿಯೂ ಆರಿಹೋಗುತ್ತದೆ.

ಸಿಂಹ ಘರ್ಜಿಸುತ್ತದೆ. ಹುಲಿ ಘರ್ಜಿಸುತ್ತದೆಂದರೂ ಒಪ್ಪಬಹುದು. ಆದರೆ ಡೀಸೆಲ್ ಸುರಿದು, ಕೀಲಿ ತಿರುಗಿಸಿ, ಒಬ್ಬ ಮನುಷ್ಯ ಮೇಲೆ ಕುಳಿತು ಹಿಡಿಕೆ ಎಳೆದ ಹೊರತು ಒಂದು ಗೇಣೂ ಅಲುಗದ ಕಬ್ಬಿಣದ ಗಾಡಿ ತಾನಾಗಿ ಘರ್ಜಿಸಿತೆಂದು ಬರೆಯುವುದು ಯಾವ ನ್ಯಾಯ? ಆ ಗಾಡಿಯನ್ನು ಬಾಡಿಗೆಗೆ ಕರೆದವರೊಬ್ಬರು, ಅದಕ್ಕೆ ಆಜ್ಞೆ ಕೊಟ್ಟವರೊಬ್ಬರು, ಕಡತಕ್ಕೆ ರುಜು ಹಾಕಿದವರೊಬ್ಬರು, ಪಕ್ಕದಲ್ಲಿ ಪೊಲೀಸರನ್ನು ನಿಲ್ಲಿಸಿದವರೊಬ್ಬರು. ಇವರಲ್ಲಿ ಒಬ್ಬರೂ ಆ ವಾಕ್ಯದೊಳಗಿಲ್ಲ. ಗಾಡಿಯೊಂದೇ ಇದೆ. ನನ್ನ ತಕರಾರು ಆ ಗಾಡಿಯ ಮೇಲಲ್ಲ, ಆ ವಾಕ್ಯದ ಮೇಲೆ. ಅದಕ್ಕೆ ಬೆನ್ನಾಗಿ ನಿಂತಿರುವ ಒಂದು ಇಂಗ್ಲಿಷ್ ಕ್ರಿಯಾಪದದ ಮೇಲೆ ಇನ್ನೂ ಹೆಚ್ಚು.

ಆ ಕ್ರಿಯಾಪದ 'ಬುಲ್ಡೋಜ್'. ನಮ್ಮ ವಿದ್ಯಾವಂತರ ಕನ್ನಡದಲ್ಲಿ ಅದೀಗ ಚೆನ್ನಾಗಿಯೇ ಬೇರುಬಿಟ್ಟಿದೆ. ವಿಧಾನಸಭೆಯಲ್ಲಿ ಚರ್ಚೆಗೆ ಅವಕಾಶ ಕೊಡದೆ ಮಸೂದೆಯನ್ನು ಪಾಸು ಮಾಡಿಸಿದರೆ 'ಬುಲ್ಡೋಜ್ ಮಾಡಿದರು' ಎನ್ನುತ್ತೇವೆ. ಸಂಘದ ಸಭೆಯಲ್ಲಿ ಅಧ್ಯಕ್ಷರು ಯಾರ ಮಾತನ್ನೂ ಕೇಳದಿದ್ದರೆ ಅದೇ ಮಾತು. ಬಡಾವಣೆಯೊಂದರಲ್ಲಿ ಮನೆಗಳನ್ನು ಕೆಡವಿದರೂ ಅದೇ ಮಾತು. ಕೆಲವರು ಅದನ್ನು ನಿಂದೆಯಾಗಿ ಆಡುತ್ತಾರೆ. ಈಚೆಗೆ ಹೊಗಳಿಕೆಯಾಗಿ ಆಡುವವರೇ ಹೆಚ್ಚು. "ನಮಗೂ ಬುಲ್ಡೋಜರ್ ಬರಬೇಕು ಸ್ವಾಮಿ" ಎಂದು ಸುಶಿಕ್ಷಿತ ಗೃಹಸ್ಥರು ಉದ್ಗರಿಸುವುದನ್ನು ನಾನು ಬಸ್ಸಿನಲ್ಲಿಯೂ ಮದುವೆಯ ಮನೆಯಲ್ಲಿಯೂ ಕೇಳಿದ್ದೇನೆ. ಹೀಗೆ ಬಯಸುವವರು ತಾವು ಬಯಸುತ್ತಿರುವ ಪದಾರ್ಥದ ಜಾತಕವನ್ನು ಒಮ್ಮೆ ನೋಡುವುದು ಲೇಸು.

ಈ ಮಾತಿನ ಹುಟ್ಟನ್ನು ಕುರಿತು ಜನ ಊಹಿಸುವ ಕಥೆಗಳು ಸ್ವಾರಸ್ಯವಾಗಿವೆ. 'ಬುಲ್' ಎಂದರೆ ಗೂಳಿ, ಆದ್ದರಿಂದ ಗೂಳಿಯಂತೆ ನುಗ್ಗುವ ಯಂತ್ರ ಬುಲ್ಡೋಜರ್ ಎನ್ನುವವರುಂಟು. 'ಡೋಜ್' ಎಂದರೆ ತೂಕಡಿಸುವುದಲ್ಲವೆ, ತೂಕಡಿಸುವ ಗೂಳಿಗೂ ಮನೆ ಒಡೆಯುವುದಕ್ಕೂ ಏನು ಸಂಬಂಧ ಎಂದು ತಲೆ ಕೆರೆದುಕೊಳ್ಳುವವರೂ ಉಂಟು. ಇಬ್ಬರೂ ಒಂದು ವಿಷಯದಲ್ಲಿ ಏಕಮತ: ಯಂತ್ರ ಮೊದಲು, ಕ್ರಿಯಾಪದ ಆಮೇಲೆ. ನಿಜ ಇದಕ್ಕೆ ತೀರ ವಿರುದ್ಧವಾಗಿದೆ. ಯಂತ್ರ ಹುಟ್ಟುವುದಕ್ಕೆ ಸುಮಾರು ಅರ್ಧ ಶತಮಾನ ಮುಂಚೆಯೇ ಕ್ರಿಯಾಪದ ಹುಟ್ಟಿತ್ತು. ಅದರ ಕರ್ಮಪದ ಮಣ್ಣಾಗಿರಲಿಲ್ಲ, ಮನುಷ್ಯನಾಗಿದ್ದ.

೧೮೭೬ನೆಯ ಇಸವಿ. ಅಮೆರಿಕದಲ್ಲಿ ಅಧ್ಯಕ್ಷ ಪದವಿಗೆ ಚುನಾವಣೆ. ಗುಲಾಮಗಿರಿಯ ಪ್ರಶ್ನೆಯ ಮೇಲೆ ನಡೆದ ಅಂತರ್ಯುದ್ಧ ಮುಗಿದು ಹನ್ನೊಂದು ವರ್ಷಗಳಾಗಿದ್ದುವು. ೧೮೭೦ರಲ್ಲಿ ಸಂವಿಧಾನದ ಹದಿನೈದನೆಯ ತಿದ್ದುಪಡಿ, ಬಣ್ಣದ ಕಾರಣದಿಂದ ಯಾರ ಮತದಾನದ ಹಕ್ಕನ್ನೂ ಕಸಿಯಕೂಡದೆಂದು ವಿಧಿಸಿತ್ತು. ನಿನ್ನೆಯವರೆಗೆ ಗುಲಾಮರಾಗಿದ್ದ ಕಪ್ಪು ಜನ ಇಂದು ಮತಗಟ್ಟೆಗೆ ಹೋಗಬಹುದಾಗಿತ್ತು. ಅವರ ಹಳೆಯ ಯಜಮಾನರಿಗೆ ಇದು ಸಹಿಸಲಾಗದ ಸಂಗತಿ. ಕಾನೂನನ್ನು ಬದಲಿಸುವಂತಿಲ್ಲ. ಮತದಾರನನ್ನು ಬದಲಿಸಬಹುದಲ್ಲ! ಲೂಸಿಯಾನ ಸಂಸ್ಥಾನದಲ್ಲಿಯೂ ಅದರ ನೆರೆಯಲ್ಲಿಯೂ ಗುಂಪು ಕಟ್ಟಿಕೊಂಡು ಕಪ್ಪು ಜನರನ್ನು ಚಾವಟಿಯಿಂದ ಹೊಡೆದು ಬೆದರಿಸುವ ವ್ಯವಹಾರ ನಡೆಯಿತು. "ಮತ ಹಾಕಬೇಡ, ಹಾಕಿದರೆ ನಾವು ಹೇಳಿದವರಿಗೆ ಹಾಕು" ಎಂಬುದು ಆ ಚಾವಟಿಯ ಉಪದೇಶ. ಈ ಹೊಡೆತಕ್ಕೆ ಅಲ್ಲಿಯ ಜನರ ಬಾಯಲ್ಲಿ ಬಂದ ಹೆಸರು 'ಬುಲ್-ಡೋಸ್'. ನಿಘಂಟುಕಾರರಲ್ಲಿ ಬಹುಮಂದಿ ಒಪ್ಪುವ ವಿವರಣೆಯ ಪ್ರಕಾರ, ಗೂಳಿಗೆ ಸಾಲುವಷ್ಟು ಭಾರಿ ಪ್ರಮಾಣದ ಮದ್ದು ಎಂದು ಅದರ ಅರ್ಥ. ಇಲ್ಲಿ ಮದ್ದೆಂದರೆ ಚಾವಟಿಯ ಏಟು, ರೋಗಿಯೆಂದರೆ ಮತದಾರ. ಹಾಗೆ ಹೊಡೆಯುವವನು 'ಬುಲ್ಡೋಜರ್'. ಆ ಹೆಸರು ಮೊದಲು ಅಂಟಿದ್ದು ಕಬ್ಬಿಣಕ್ಕಲ್ಲ, ಕೈಯಲ್ಲಿ ಚಾವಟಿ ಹಿಡಿದ ಮನುಷ್ಯನಿಗೆ.

ಆ ಚುನಾವಣೆಯ ಫಲಿತಾಂಶವೇನಾಯಿತೆಂಬುದು ಪಾಠ ಹೇಳುವಂತಿದೆ. ಲೂಸಿಯಾನ, ದಕ್ಷಿಣ ಕೆರೊಲಿನ, ಫ್ಲಾರಿಡ ಈ ಮೂರು ಕಡೆಯ ಎಣಿಕೆ ವಿವಾದಕ್ಕೆ ಸಿಕ್ಕಿತು. ಕಡೆಗೆ ೧೮೫ಕ್ಕೆ ೧೮೪, ಒಂದೇ ಒಂದು ಮತದ ಅಂತರದಿಂದ ಹೇಯ್ಸ್ ಎಂಬಾತ ಅಧ್ಯಕ್ಷನಾದ. ೧೮೭೭ರಲ್ಲಿ, ದಕ್ಷಿಣದಲ್ಲಿ ಕಪ್ಪು ಜನರ ಹಕ್ಕಿಗೆ ಕಾವಲಾಗಿದ್ದ ಕೇಂದ್ರ ಸೈನ್ಯದ ರಕ್ಷಣೆ ಹಿಂದೆ ಸರಿಯಿತು. ಆಮೇಲೆ ಹೆಚ್ಚುಕಡಮೆ ತೊಂಬತ್ತು ವರ್ಷಗಳ ಕಾಲ ಆ ಜನ ತಮ್ಮ ಕಾಗದದ ಹಕ್ಕನ್ನು ಕೈಯಲ್ಲಿ ಹಿಡಿದುಕೊಂಡು ಕಾಯಬೇಕಾಯಿತು. ಒಂದು ಕ್ರಿಯಾಪದದ ಹುಟ್ಟುಹಬ್ಬಕ್ಕೆ ಇಷ್ಟು ದೊಡ್ಡ ದಕ್ಷಿಣೆ!

ಈ ಮೂಲಾರ್ಥವನ್ನು ತಿಳಿಯಲು ಕನ್ನಡಿಗರಿಗೆ ನಿಘಂಟೂ ಬೇಕಾಗಿಲ್ಲವೆಂಬುದು ನನಗೆ ಬಹಳ ದಿನಗಳಿಂದ ವಿನೋದವಾಗಿ ಕಂಡಿದೆ. "ಮೇಷ್ಟ್ರು ಚೆನ್ನಾಗಿ ಡೋಸ್ ಕೊಟ್ಟರು" ಎಂದು ನಾವು ಹೇಳುವುದಿಲ್ಲವೆ? ಆಸ್ಪತ್ರೆಯ ಡೋಸನ್ನು ಬೈಗುಳಕ್ಕೂ ಏಟಿಗೂ ತಿರುಗಿಸಿಕೊಂಡ ಜಾಣತನ ನಮ್ಮದೂ ಹೌದು. 'ಡೋಸ್' ಎಂಬ ಮಾತಿನ ಗ್ರೀಕ್ ಮೂಲಕ್ಕೆ 'ಕೊಡುವುದು' ಎಂದೇ ಅರ್ಥ. ಕನ್ನಡದಲ್ಲಿ "ಬೆನ್ನಿಗೆ ನಾಲ್ಕು ಕೊಟ್ಟ" ಎಂದರೆ ಏನನ್ನು ಕೊಟ್ಟನೆಂದು ಯಾರೂ ಕೇಳುವುದಿಲ್ಲ. ಲೂಸಿಯಾನದ ಗುಂಪಿನವರು ಕೊಟ್ಟದ್ದೂ ಅದನ್ನೇ.

ಇನ್ನು ಯಂತ್ರದ ಕಥೆ. ಅದು ಪಾಪ, ಬಹಳ ಸಾಧು ಪ್ರಾಣಿ. ೧೯೨೩ರಲ್ಲಿ ಅಮೆರಿಕದ ಕನ್ಸಾಸ್ ಸೀಮೆಯಲ್ಲಿ ಜೇಮ್ಸ್ ಕಮಿಂಗ್ಸ್ ಎಂಬ ಬೇಸಾಯಗಾರನೂ ಮೆಕ್ಲಿಯಾಡ್ ಎಂಬ ನಕ್ಷೆಗಾರನೂ ಸೇರಿ ಟ್ರಾಕ್ಟರಿನ ಮುಂದಕ್ಕೆ ಒಂದು ಅಗಲವಾದ ಕಬ್ಬಿಣದ ಅಲಗನ್ನು ಕಟ್ಟಿದರು. ಕೊಳವೆ ಹೂಳಿದ ಕಾಲುವೆಗೆ ಮಣ್ಣನ್ನು ಮರಳಿ ತಳ್ಳುವುದು ಅದರ ಕೆಲಸ. ೧೯೨೫ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಪೇಟೆಂಟಿನಲ್ಲಿ ಅದರ ಹೆಸರು ಬುಲ್ಡೋಜರ್ ಅಲ್ಲ, 'ಟ್ರಾಕ್ಟರಿಗೆ ಜೋಡಿಸುವ ಸಾಧನ' ಎಂಬರ್ಥದ ಸಪ್ಪೆ ಹೆಸರು. ಮುಂದಿನ ಕೆಲವು ವರ್ಷಗಳಲ್ಲಿ ಯಾರ ಬಾಯಿಂದಲೋ ಹಳೆಯ ಚಾವಟಿಗಾರನ ಹೆಸರು ಈ ಅಲಗಿಗೆ ಬಂದು ಅಂಟಿತು. ಎರಡನೆಯ ಮಹಾಯುದ್ಧದಲ್ಲಿ ಅದು ರಸ್ತೆಗಳನ್ನೂ ವಿಮಾನದ ನೆಲೆಗಳನ್ನೂ ಮಾಡಿಕೊಟ್ಟು ಲೋಕಪ್ರಸಿದ್ಧವಾಯಿತು. ಹೆಸರಿನ ಹಳೆಯ ರಕ್ತವನ್ನು ಜನ ಮರೆತರು.

ನಮ್ಮ ಕರ್ನಾಟಕಕ್ಕೂ ಈ ಯಂತ್ರಕ್ಕೂ ನಂಟು ಸಣ್ಣದಲ್ಲ. ೧೯೬೪ರ ಮೇ ತಿಂಗಳಲ್ಲಿ ಸ್ಥಾಪನೆಯಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆ ಕೋಲಾರದ ಚಿನ್ನದ ಗಣಿಯ ಊರಿನಲ್ಲಿಯೇ ಬುಲ್ಡೋಜರುಗಳನ್ನು ತಯಾರಿಸುತ್ತದೆ. ಗಣಿಗಳಲ್ಲಿ, ಅಣೆಕಟ್ಟುಗಳಲ್ಲಿ, ಗಡಿಯ ರಸ್ತೆಗಳಲ್ಲಿ ಅವು ದುಡಿದಿವೆ. ೨೦೦೧ರಲ್ಲಿ ಚಿನ್ನದ ಗಣಿಗಳು ಮುಚ್ಚಿಹೋದ ಮೇಲೆ ಆ ಊರಿನ ಎಷ್ಟೋ ಮನೆಗಳ ಒಲೆ ಉರಿದದ್ದು ಈ ಕಾರ್ಖಾನೆಯ ಸಂಬಳದಿಂದ. ಆದ್ದರಿಂದ ಯಂತ್ರವನ್ನು ನಾನು ದೂರುವುದಿಲ್ಲ. ದೂರುವುದಾದರೆ ನಮ್ಮ ಹೊಲದ ಕುಂಟೆಯನ್ನೂ ದೂರಬೇಕಾದೀತು. ಎತ್ತು ಎಳೆಯುವ, ಅಡ್ಡ ಅಲಗುಳ್ಳ, ಹೆಂಟೆ ಮುರಿದು ಕಳೆ ಕೀಳುವ ಕುಂಟೆಯೇ ಅಲ್ಲವೆ ಬಡವನ ಬುಲ್ಡೋಜರು? ಅದಕ್ಕೆ ನಾವು ಗುದ್ದಲಿಯ ಜೊತೆಯಲ್ಲಿ ಆಯುಧಪೂಜೆಯ ದಿನ ಕುಂಕುಮವಿಟ್ಟಿದ್ದೇವೆ.

ಕುಂಟೆಯೆಂದಾಗ ನಮ್ಮ ಊರಿನ ಹೆಸರು ನೆನಪಿಗೆ ಬರುತ್ತದೆ. ನಾನಿರುವುದು ತುಮಕೂರು ರಸ್ತೆಯ ಎಂಟನೇ ಮೈಲಿಯಿಂದ ಹೆಸರಘಟ್ಟದ ಕಡೆಗೆ ತಿರುಗಿದರೆ ಸಿಗುವ ಬಾಗಲಗುಂಟೆಯಲ್ಲಿ. ಕನ್ನಡದಲ್ಲಿ ಕುಂಟೆಯೆಂದರೆ ಚಿಕ್ಕ ಕೆರೆ ಎಂಬ ಅರ್ಥವೂ ಇದೆ. ನಮ್ಮ ಊರಿನ ಹೆಸರಿನ ಬಾಲದಲ್ಲಿರುವ 'ಗುಂಟೆ' ಆ ನೀರಿನ ಕುಂಟೆಯೇ ಇರಬೇಕೆಂದು ನನ್ನ ಎಣಿಕೆ. ಒಂದೇ ಮಾತಿನಲ್ಲಿ ನೆಲವನ್ನು ಹಸನು ಮಾಡುವ ಅಲಗೂ ಇದೆ, ನೀರು ನಿಲ್ಲುವ ತಗ್ಗೂ ಇದೆ. ಬೆಂಗಳೂರಿನ ಈಗಿನ ಜಗಳವೆಲ್ಲ ಈ ಎರಡರ ನಡುವಿನದೇ.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ನಮ್ಮ ನಗರದಲ್ಲಿ ಮನೆ ಒಡೆಯಲು ಬರುವುದು ಸಾಮಾನ್ಯವಾಗಿ ಬುಲ್ಡೋಜರೇ ಅಲ್ಲ. ಸರಪಳಿಯ ಪಟ್ಟಿಯ ಮೇಲೆ ನಡೆದು ಮುಂದಿನ ಅಲಗಿನಿಂದ ಮಣ್ಣು ತಳ್ಳುವುದು ಬುಲ್ಡೋಜರ್. ಇಲ್ಲಿಗೆ ಬರುವುದು ಮುಂದೆ ಬಾನಿ, ಹಿಂದೆ ಉದ್ದ ಕೈ ಇರುವ ಹಳದಿ ಅಗೆತದ ಗಾಡಿ. ೧೯೪೫ರಲ್ಲಿ ಇಂಗ್ಲೆಂಡಿನಲ್ಲಿ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬಾತ ಆರಂಭಿಸಿದ ಕಂಪನಿಯ ಮೂರು ಮೊದಲಕ್ಷರಗಳೇ ನಮ್ಮ ಬಾಯಲ್ಲಿ ಜೆಸಿಬಿಯಾಗಿದೆ. ಅದಕ್ಕಿಂತ ದೊಡ್ಡದು ಬಂದರೆ, ಯಾವ ಕಂಪನಿಯದಾದರೂ ಸರಿಯೆ, ಅದು 'ಹಿಟಾಚಿ'. ನಮ್ಮ ಬಾಗಲಗುಂಟೆಯಲ್ಲಿ ಪಾಯ ತೆಗೆಯುವುದಕ್ಕೂ, ಚರಂಡಿ ತೋಡುವುದಕ್ಕೂ ಇದೇ ಜೆಸಿಬಿಯನ್ನು ಗಂಟೆಯ ಲೆಕ್ಕದಲ್ಲಿ ಕರೆಯುತ್ತಾರೆ. ಆಗ ಅದು ಘರ್ಜಿಸಿತೆಂದು ಯಾವ ಪತ್ರಿಕೆಯೂ ಬರೆಯುವುದಿಲ್ಲ. ಅದೇ ಗಾಡಿ, ಅದೇ ಡೀಸೆಲ್, ಅದೇ ಚಾಲಕ. ಮನೆ ಕಟ್ಟುವಾಗ ಮೌನ, ಮನೆ ಒಡೆಯುವಾಗ ಘರ್ಜನೆ! ಹಾಗಾದರೆ ಆ ಘರ್ಜನೆ ಗಾಡಿಯದಲ್ಲವೆಂದು ಸಿದ್ಧವಾಯಿತಷ್ಟೆ. ಅದು ಬರೆಯುವವರ, ಓದುವವರ ಗಂಟಲಿನದು.

ಮನೆ ಒಡೆಯಲು ಬಂದದ್ದು ಬುಲ್ಡೋಜರಲ್ಲವಾದರೂ 'ಬುಲ್ಡೋಜರ್' ಎಂಬ ಹೆಸರೇ ಏಕೆ ಬೇಕಾಯಿತು? ಮಾತು ತನ್ನ ಹುಟ್ಟುಮನೆಗೆ ಮರಳಿರುವುದರಿಂದ. ಮನುಷ್ಯನಿಂದ ಯಂತ್ರಕ್ಕೆ ಹೋಗಿದ್ದ ಕ್ರಿಯಾಪದ ಯಂತ್ರವನ್ನು ಏರಿ ಮತ್ತೆ ಮನುಷ್ಯನ ಮೇಲೆ ಬಂದಿದೆ. ಭಾರತದಲ್ಲಿ ಅದರ ಮೊದಲ ದೊಡ್ಡ ದರ್ಶನ ೧೯೭೬ರ ಏಪ್ರಿಲಿನಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ದೆಹಲಿಯ ತುರ್ಕ್‌ಮನ್ ಗೇಟಿನಲ್ಲಿ ಆಯಿತು. ಈಚಿನ ವರ್ಷಗಳಲ್ಲಿ ಉತ್ತರದ ಕೆಲವು ರಾಜ್ಯಗಳಲ್ಲಿ ಆಪಾದಿತನ ಮನೆಯನ್ನು ವಿಚಾರಣೆಗೆ ಮುಂಚೆಯೇ ಕೆಡವುವುದು ಆಡಳಿತದ ಶೌರ್ಯವೆನಿಸಿ, ಚುನಾವಣೆಯ ಮೆರವಣಿಗೆಗಳಲ್ಲಿ ಅಲಂಕರಿಸಿದ ಜೆಸಿಬಿಗಳು ಸಾಗಿದುವು. ನಾಯಕನ ಹೆಸರಿಗೆ 'ಬುಲ್ಡೋಜರ್' ಎಂಬುದು ಬಿರುದಾಗಿ ಸೇರಿತು. ೧೮೭೬ರ ಲೂಸಿಯಾನದಲ್ಲಿಯೂ ಅದು ಮನುಷ್ಯನ ಬಿರುದೇ ಆಗಿತ್ತು. ನೂರೈವತ್ತು ವರ್ಷಗಳಲ್ಲಿ ಮಾತು ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದಿತು.

ನಮ್ಮ ಕರ್ನಾಟಕ ಇದರಿಂದ ದೂರವೆಂದು ಎದೆ ಉಬ್ಬಿಸುವವರಿಗೆ ಒಂದೆರಡು ತಾರೀಖುಗಳನ್ನು ನೆನಪಿಸುತ್ತೇನೆ. ೨೦೧೩ರ ಜನವರಿಯಲ್ಲಿ ಈಜಿಪುರದ ದುರ್ಬಲ ವರ್ಗದವರ ವಸತಿಯಿಂದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಚಳಿಯಲ್ಲಿ ಬೀದಿಗೆ ಹಾಕಲಾಯಿತು. ೨೦೨೦ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿ ಕರಿಯಮ್ಮನ ಅಗ್ರಹಾರದಲ್ಲಿ, ಅಲ್ಲಿರುವವರು ವಿದೇಶೀಯರೆಂಬ ಗುಲ್ಲಿನ ಬೆನ್ನಲ್ಲೇ, ಕೂಲಿಕಾರರ ಶೆಡ್ಡುಗಳು ನೆಲಕ್ಕುರುಳಿದುವು. ಅವರಲ್ಲಿ ನಮ್ಮ ಉತ್ತರ ಕರ್ನಾಟಕದಿಂದಲೇ ದುಡಿಯಲು ಬಂದವರೂ ಇದ್ದರು. ಹೈಕೋರ್ಟು ನಡುವೆ ಬಂದು ತಡೆಯಬೇಕಾಯಿತು. ೨೦೨೫ರ ಡಿಸೆಂಬರಿನಲ್ಲಿ ನಮ್ಮ ಉತ್ತರ ಬೆಂಗಳೂರಿನಲ್ಲಿಯೇ, ಯಲಹಂಕದ ಬಳಿಯ ಕೋಗಿಲಿನಲ್ಲಿ ಮನೆಗಳನ್ನು ಕೆಡವಿದಾಗ ನೆರೆರಾಜ್ಯದ ಮುಖ್ಯಮಂತ್ರಿಗಳು 'ಬುಲ್ಡೋಜರ್ ರಾಜ್' ಎಂದರು. ನಮ್ಮವರು ಆ ಮಾತನ್ನು ಒಪ್ಪದೆ, ಇದು ಸರ್ಕಾರದ ಜಾಗದ ತೆರವು ಎಂದರು. ಗಮನಿಸಬೇಕು: ಗೋಡೆ ಬಿದ್ದಿತೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಜಗಳವೆಲ್ಲ ಬಿದ್ದ ಗೋಡೆಗೆ ಯಾವ ಕ್ರಿಯಾಪದವನ್ನು ಹಚ್ಚಬೇಕೆಂಬುದು.

ಹಾಗಾದರೆ ಈ 'ತೆರವು' ಎಂಬ ನಮ್ಮ ಕನ್ನಡದ ಮಾತನ್ನೂ ಸ್ವಲ್ಪ ಪರೀಕ್ಷಿಸೋಣ. ತೆರವೆಂದರೆ ಖಾಲಿ. "ಅಧ್ಯಾಪಕರ ಸ್ಥಾನ ತೆರವಾಗಿದೆ" ಎಂದರೆ ಯಾರನ್ನೂ ಯಾರೂ ನೂಕಿಲ್ಲ, ಜಾಗ ಬರಿದಾಗಿದೆ, ಅಷ್ಟೆ. ಹಾಗೆ ನೋಯಿಸದ, ಮೆತ್ತನೆಯ ಮಾತು ಅದು. ಅದಕ್ಕೆ ಎದುರಾಗಿ ಮನೆ ಕಟ್ಟಿಕೊಂಡವನು ಮಾಡಿದ್ದಕ್ಕೆ ನಾವು ಇಟ್ಟಿರುವ ಹೆಸರು 'ಒತ್ತುವರಿ'. ಒತ್ತು ಎಂದರೆ ಅದುಮು, ನೂಕು. 'ಒತ್ತಾಯ'ವೆಂಬುದೂ ಅದೇ ಬೇರಿನ ಮಾತು. ಇಂಗ್ಲಿಷಿನ ಬುಲ್ಡೋಜ್ ಎಂಬುದರ ಮೂಲಾರ್ಥವನ್ನು ಕನ್ನಡದಲ್ಲಿ ಹೇಳುವುದಾದರೆ 'ಒತ್ತಾಯ'ವೇ ಅದಕ್ಕೆ ತೀರ ಹತ್ತಿರದ ಮಾತು. ಈಗ ಲೆಕ್ಕ ನೋಡಿ: ತಗಡಿನ ಮಾಡು ಹಾಕಿಕೊಂಡ ಕೂಲಿಯವನದು ಒತ್ತುವರಿ, ಅಂದರೆ ಬಲಪ್ರಯೋಗ. ಇಪ್ಪತ್ತು ಟನ್ನಿನ ಹಿಟಾಚಿ ತಂದು ಆ ತಗಡನ್ನು ಹಿಚುಕಿದವರದು ತೆರವು, ಅಂದರೆ ಜಾಗ ಬರಿದಾದದ್ದು. ಬಲವೆಲ್ಲ ದುರ್ಬಲನ ಖಾತೆಗೆ, ಸೌಮ್ಯವೆಲ್ಲ ಬಲಿಷ್ಠನ ಖಾತೆಗೆ! ಯಾವ ಶಾನುಭೋಗನೂ ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ತಿದ್ದಿರಲಾರ.

ಇದು ಸಾಲದೆಂಬಂತೆ 'ಲಾಯಿತು' ಎಂಬ ಬಾಲವೊಂದಿದೆ. "ಮನೆಗಳನ್ನು ತೆರವುಗೊಳಿಸಲಾಯಿತು." ಯಾರು ಗೊಳಿಸಿದರು? ವ್ಯಾಕರಣಕ್ಕೆ ಗೊತ್ತಿಲ್ಲ. ಇದು ಪೊಲೀಸರ "ಲಘು ಲಾಠಿ ಪ್ರಹಾರ ಮಾಡಲಾಯಿತು" ಎಂಬ ವಾಕ್ಯದ ಖಾಸಾ ತಮ್ಮ. ಆ 'ಲಘು'ವನ್ನು ತೂಗಿದವರಾರು, ಏಟು ತಿಂದವರೋ ಕೊಟ್ಟವರೋ? ಕನ್ನಡದ ಸಹಜವಾದ ಕ್ರಿಯಾಪದಗಳು ಇಷ್ಟು ಹೇಡಿಗಳಲ್ಲ. ಬೀಳು ಎಂದರೆ ತಾನೇ ಬೀಳುವುದು, ಬೀಳಿಸು ಎಂದರೆ ಬೀಳಿಸುವವನೊಬ್ಬ ಇರಲೇಬೇಕು. ಉರುಳು, ಉರುಳಿಸು. ಕೆಡೆ, ಕೆಡವು. ನಮ್ಮ ಹಳ್ಳಿಯ ಮುದುಕಿ "ನನ್ನ ಮನೆ ಕೆಡವ್ಯಾರೆ" ಎಂದಾಗ ಅಲ್ಲೊಬ್ಬ ಕರ್ತೃ ಬಂದು ನಿಂತೇ ನಿಲ್ಲುತ್ತಾನೆ. ಕೇಳಿದವನು "ಯಾರವ್ವಾ ಕೆಡವಿದೋರು?" ಎಂದು ಕೇಳಿಯೇ ಕೇಳುತ್ತಾನೆ. ಇಂಗ್ಲಿಷು ಬಲ್ಲ ನಾವು ಆ ಪ್ರಶ್ನೆಯನ್ನು ಕೇಳುವುದನ್ನು ಮರೆತಿದ್ದೇವೆ. ಏಕೆಂದರೆ ನಮ್ಮ ವಾಕ್ಯಗಳಲ್ಲಿ ಕರ್ತೃವಿನ ಜಾಗವನ್ನು ಯಂತ್ರ ಆಕ್ರಮಿಸಿಕೊಂಡಿದೆ. ಒತ್ತುವರಿಯೆಂದು ಏನನ್ನಾದರೂ ಕರೆಯಬೇಕಾದರೆ ಮೊದಲು ಅದನ್ನು ಕರೆಯಬೇಕು.

ಇಷ್ಟು ಹೇಳಿದೊಡನೆ ಏಳುವ ಆಕ್ಷೇಪ ನನಗೆ ಗೊತ್ತಿದೆ. "ಕೆರೆ ನುಂಗಿದವರನ್ನು, ರಾಜಕಾಲುವೆ ಮುಚ್ಚಿದವರನ್ನು ಪೂಜಿಸಬೇಕೇನು? ಮಳೆ ಬಂದರೆ ಮನೆಯೊಳಗೆ ನೀರು ನುಗ್ಗುವುದು ನಿಮಗೆ ತಿಳಿಯದೆ?" ತಿಳಿದಿದೆ. ಕೆರೆ ಉಳಿಯಬೇಕು, ಕಾಲುವೆ ಹರಿಯಬೇಕು. ಅದಕ್ಕೆ ಅಡ್ಡವಾದ ಕಟ್ಟಡ ಹೋಗಲೇಬೇಕಾದರೆ ಹೋಗಲಿ. ಆದರೆ ಬೆಂಗಳೂರಿನ ಕೆರೆಗಳನ್ನು ನುಂಗಿದವರ ಪಟ್ಟಿಯನ್ನು ಪ್ರಾಮಾಣಿಕವಾಗಿ ಬರೆಯೋಣ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೋರಮಂಗಲದ ಕೆರೆಯಲ್ಲಿ ೧೯೯೭ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ವಸತಿ ಸಮುಚ್ಚಯ ಎದ್ದಿತು. ಇವನ್ನೆಲ್ಲ ಯಾರೂ ಒತ್ತುವರಿ ಎನ್ನಲಿಲ್ಲ, 'ಅಭಿವೃದ್ಧಿ' ಎಂದರು. ನಾನು ಬಸ್ ನಿಲ್ದಾಣವನ್ನು ಕೆಡವಿ ಎಂದು ಹೇಳುತ್ತಿಲ್ಲ. ಒಂದೇ ಕೆಲಸಕ್ಕೆ ಇಬ್ಬರು ಮಾಡಿದಾಗ ಎರಡು ಹೆಸರು ಬಂದದ್ದನ್ನು ತೋರಿಸುತ್ತಿದ್ದೇನೆ.

ಬುಲ್ಡೋಜರಿಗಾಗಿ ಹಾತೊರೆಯುವ ನನ್ನ ಮಧ್ಯಮವರ್ಗದ ಮಿತ್ರರು ೨೦೧೬ರ ಆಗಸ್ಟನ್ನು ಮರೆಯಬಾರದು. ಆಗ ರಾಜಕಾಲುವೆಯ ಹೆಸರಿನಲ್ಲಿ ಅರೆಕೆರೆಯ ಅವನಿ ಶೃಂಗೇರಿ ನಗರದಲ್ಲಿ ಬಿದ್ದದ್ದು ಗುಡಿಸಲುಗಳಲ್ಲ, ಬ್ಯಾಂಕಿನ ಸಾಲ ಮಾಡಿ ಕಟ್ಟಿದ ತಾರಸಿ ಮನೆಗಳು. ಮನೆಯವರು ಖಾತೆ, ಕಂದಾಯದ ರಸೀತಿ, ಮಂಜೂರಾದ ನಕ್ಷೆ ಎಲ್ಲವನ್ನೂ ಕೈಯಲ್ಲಿ ಹಿಡಿದು ತೋರಿಸಿದರು. ಆ ಕಾಗದಗಳಿಗೆ ಮೊಹರು ಹಾಕಿದ ಆಡಳಿತವೇ ಗಾಡಿಯನ್ನೂ ಕಳಿಸಿತ್ತು. ನಮ್ಮ ಬಾಗಲಗುಂಟೆಯನ್ನೇ ನೋಡಿ. ದಾಸರಹಳ್ಳಿ ನಗರಸಭೆಯ ಪ್ರದೇಶ ೨೦೦೭ರಲ್ಲಿ ಬೆಂಗಳೂರು ಪಾಲಿಕೆಗೆ ಸೇರಿತು. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರು ಚೀಟಿ ಹಾಕಿ, ಒಡವೆ ಅಡವಿಟ್ಟು, ರೆವಿನ್ಯೂ ಜಾಗದಲ್ಲಿ ಮೂವತ್ತು ನಲವತ್ತರ ಸೈಟು ಕೊಂಡು ಕಟ್ಟಿದ ಮನೆಗಳ ಸೀಮೆ ಇದು. ಖಾತೆಯಲ್ಲಿ 'ಎ' ಯಾವುದು, 'ಬಿ' ಯಾವುದು, ಸಕ್ರಮ ಯಾವಾಗ ಎಂಬುದೇ ಇಲ್ಲಿಯ ಎಷ್ಟೋ ಸಂಸಾರಗಳ ಕೊನೆಯಿಲ್ಲದ ಚಿಂತೆ. ಕಾಗದದಲ್ಲಿ ಎಲ್ಲಿಯೂ ಒಂದು ಕೊಂಕೂ ಇಲ್ಲದ ಮನೆ ಮಾತ್ರ ಉಳಿಯಲಿ ಎಂದು ಯಾರಾದರೂ ಆಜ್ಞೆ ಮಾಡಿದರೆ ಬೆಂಗಳೂರಿನಲ್ಲಿ ಎಷ್ಟು ದೀಪಗಳು ಉರಿದಾವು? ಚಾವಟಿಯನ್ನು ಹೊಗಳುವವನು ತನ್ನ ಬೆನ್ನು ಎಲ್ಲಿದೆಯೆಂದು ಒಮ್ಮೆ ತಿರುಗಿ ನೋಡುವುದು ಕ್ಷೇಮ.

ಸುಪ್ರೀಂ ಕೋರ್ಟು ೨೦೨೪ರ ನವೆಂಬರ್ ೧೩ರಂದು ಈ ವಿಷಯದಲ್ಲಿ ತೀರ್ಪು ಕೊಟ್ಟಿದೆ. ನ್ಯಾಯಮೂರ್ತಿ ಗವಾಯಿ ಮತ್ತು ನ್ಯಾಯಮೂರ್ತಿ ವಿಶ್ವನಾಥನ್ ಅವರ ಪೀಠ ಹೇಳಿದ್ದು ಇಷ್ಟು: ಒಬ್ಬನ ಮೇಲೆ ಆಪಾದನೆ ಇದೆಯೆಂದು ಅವನ ಮನೆಯನ್ನು ಕೆಡವಕೂಡದು. ನೋಟೀಸನ್ನು ನೋಂದಾಯಿತ ಅಂಚೆಯಲ್ಲಿ ಕಳಿಸಬೇಕು, ಗೋಡೆಗೂ ಅಂಟಿಸಬೇಕು. ಉತ್ತರಕ್ಕೆ ೧೫ ದಿನ ಕೊಡಬೇಕು. ಅವನ ಮಾತನ್ನು ಕೇಳಬೇಕು. ಕೆಡವುವುದೊಂದೇ ದಾರಿ ಏಕೆ ಎಂಬುದನ್ನು ಆಜ್ಞೆಯಲ್ಲಿ ಬರೆಯಬೇಕು. ಆಜ್ಞೆಯಾದ ಮೇಲೆ ಮತ್ತೆ ೧೫ ದಿನ ಕಾಯಬೇಕು. ಕೆಡವುವುದನ್ನು ಚಿತ್ರೀಕರಿಸಬೇಕು. ಆ ಕೆಲಸದಲ್ಲಿ ಭಾಗವಹಿಸಿದ ಅಧಿಕಾರಿಗಳ, ಪೊಲೀಸರ ಪಟ್ಟಿಯನ್ನು ವರದಿಯಲ್ಲಿ ಕೊಡಬೇಕು. ನಿಯಮ ಮೀರಿದರೆ ಮತ್ತೆ ಕಟ್ಟಿಕೊಡುವ ಖರ್ಚು ಅಧಿಕಾರಿಯ ಸ್ವಂತ ಜೇಬಿನದು.

ಈ ತೀರ್ಪನ್ನು ನಾನು ಕಾನೂನಿನ ಕಣ್ಣಿನಿಂದ ಮಾತ್ರವಲ್ಲದೆ ಭಾಷೆಯ ಕಣ್ಣಿನಿಂದಲೂ ಓದಿದ್ದೇನೆ. ನ್ಯಾಯಾಲಯ ಕೇಳಿರುವುದು ಬೇರೇನಲ್ಲ, ಕರ್ತೃಪದವನ್ನು. ಕೆಡವಿದವರು ಯಾರು, ಹೆಸರು ಬರೆಯಿರಿ ಎಂದಿದೆ. ದೇಶದ ಉಚ್ಚ ನ್ಯಾಯಪೀಠ ಅಧಿಕಾರಿಗಳಿಂದ ಕೇಳಿದ್ದನ್ನು ನಮ್ಮ ಪತ್ರಿಕೆಗಳು ತಮ್ಮ ವರದಿಗಾರರಿಂದ ಕೇಳಬಾರದೆ?

ಈ ತೀರ್ಪಿನಲ್ಲಿ ಒಂದು ಕಿಂಡಿಯೂ ಇದೆಯೆಂಬುದನ್ನು ಮುಚ್ಚಿಡಬಾರದು. ರಸ್ತೆ, ಕಾಲುದಾರಿ, ರೈಲುಹಳಿಯ ಮಗ್ಗುಲು, ನದಿ, ಜಲಮೂಲ ಇವುಗಳ ಮೇಲಿನ ಅನಧಿಕೃತ ಕಟ್ಟಡಗಳಿಗೆ ಈ ನಿರ್ದೇಶನಗಳು ಅನ್ವಯಿಸುವುದಿಲ್ಲ. ಹೆಜ್ಜೆಗೊಂದು ಕೆರೆಯಂಗಳವೂ ಕಾಲುವೆಯೂ ಇರುವ ಬೆಂಗಳೂರಿಗೆ ಈ ಕಿಂಡಿ ಹೆಬ್ಬಾಗಿಲಿನಷ್ಟೇ ಅಗಲ. ಆದರೆ ೧೯೮೫ರಲ್ಲಿ ಅದೇ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳು ಮುಂಬಯಿಯ ಓಲ್ಗಾ ಟೆಲ್ಲಿಸ್ ಮೊಕದ್ದಮೆಯಲ್ಲಿ ಜೀವನೋಪಾಯವೂ ಜೀವಿಸುವ ಹಕ್ಕಿನ ಭಾಗವೆಂದು ಹೇಳಿದ್ದರು. ಕಾಲುದಾರಿಯ ಮೇಲೆ ಮಲಗುವವನನ್ನು ಎಬ್ಬಿಸಬಹುದು, ಆದರೆ ನ್ಯಾಯವಾದ ಕ್ರಮದಿಂದ ಎಬ್ಬಿಸಬೇಕು ಎಂಬುದು ಆ ತೀರ್ಪಿನ ಸಾರ. ಕೆರೆಯಂಗಳದಲ್ಲಿ ಮಲಗಿದವನಿಗೂ ಒಂದು ಮಾತು ಮುಂಚಿತವಾಗಿ ತಿಳಿಸಿ, ಮಕ್ಕಳ ಪುಸ್ತಕವನ್ನೂ ಅಕ್ಕಿಯ ಡಬ್ಬವನ್ನೂ ಹೊರಗೆ ತೆಗೆದುಕೊಳ್ಳಲು ಬಿಡುವುದರಿಂದ ಯಾವ ಕೆರೆಯೂ ಬತ್ತಿಹೋಗುವುದಿಲ್ಲ.

ಕೊನೆಯ ಆಕ್ಷೇಪ ಪಂಡಿತರದು. "ಮಾತಿನ ಹುಟ್ಟನ್ನು ಹಿಡಿದು ಅದರ ಈಗಿನ ಬಾಳನ್ನು ಅಳೆಯಬಾರದು. ಲೂಟಿ ನಮ್ಮಿಂದ ಇಂಗ್ಲಿಷಿಗೆ ಹೋಯಿತು, ರೈಲು ಅಲ್ಲಿಂದ ಇಲ್ಲಿಗೆ ಬಂತು. ಭಾಷೆ ಬೆಳೆಯುವುದೇ ಹಾಗೆ." ಪರಭಾಷೆಯ ಮಾತಿನ ಮೇಲೆ ನನಗೆ ದ್ವೇಷವಿಲ್ಲ. ಬಸ್ಸನ್ನು ಬಸ್ಸೆನ್ನುತ್ತೇನೆ, ಬುಲ್ಡೋಜರನ್ನು ಬುಲ್ಡೋಜರೆನ್ನುತ್ತೇನೆ. ಈ ಮಾತು ತನ್ನ ಹುಟ್ಟನ್ನು ನಿಜವಾಗಿಯೂ ಮರೆತು, ಮಣ್ಣು ತಳ್ಳಿಕೊಂಡು ಬಾಳುತ್ತಿದ್ದರೆ ನಾನು ಅದರ ಹಳೆಯ ಜಾತಕವನ್ನು ಬಿಚ್ಚುತ್ತಲೇ ಇರಲಿಲ್ಲ. ಅದು ಮರೆತಿಲ್ಲವೆ! ಯಂತ್ರದ ಹೆಸರಾಗಿ ಇರುವಷ್ಟು ಕಾಲ ಅದು ನಿರಪರಾಧಿ. ಆಡಳಿತದ ಕ್ರಿಯಾಪದವಾದೊಡನೆ ಅದರ ಕೈಗೆ ಚಾವಟಿ ಮರಳಿ ಬರುತ್ತದೆ.

ಆದ್ದರಿಂದ ಪತ್ರಿಕೆಯ ಉಪಸಂಪಾದಕರಲ್ಲಿ ನನ್ನ ಬೇಡಿಕೆ ಬಹಳ ಚಿಕ್ಕದು. ಘರ್ಜನೆಯನ್ನು ಕಾಡಿಗೆ ಬಿಡಿ. ಮುಂದಿನ ಸಲ ಬರೆಯುವಾಗ ಹೀಗೆ ಬರೆಯಿರಿ: ಇಂಥ ತಾರೀಖು, ಇಷ್ಟು ಗಂಟೆಗೆ, ಇಂಥ ಹುದ್ದೆಯ ಇಂಥ ಅಧಿಕಾರಿಗಳ ಆಜ್ಞೆಯ ಮೇಲೆ, ಇಂಥ ಕಾಯಿದೆಯ ಪ್ರಕಾರ, ಇಷ್ಟು ದಿನ ಮುಂಚೆ ನೋಟೀಸು ಕೊಟ್ಟು ಅಥವಾ ಕೊಡದೆ, ಇಷ್ಟು ಮನೆಗಳನ್ನು ಕೆಡವಿದರು, ಅಲ್ಲಿದ್ದವರು ಇಷ್ಟು ಮಂದಿ, ಆ ರಾತ್ರಿ ಅವರು ಇಂಥಲ್ಲಿ ಮಲಗಿದರು. ತಲೆಬರಹಕ್ಕೆ ಇದು ಉದ್ದವಾದೀತು, ನಿಜ. ಒಳಪುಟದಲ್ಲಾದರೂ ಹಾಕಬಹುದು. ಕಾನೂನಿನಂತೆ ನಡೆದುಕೊಂಡ ಅಧಿಕಾರಿಗೆ ಇದರಿಂದ ಯಾವ ನಷ್ಟವೂ ಇಲ್ಲ, ಅವರ ಹೆಸರಿಗೆ ಗೌರವವೇ ಬರುತ್ತದೆ. ಮೀರಿ ನಡೆದವರು ಮಾತ್ರ, ಮುಂದಿನ ಕಡತಕ್ಕೆ ರುಜು ಹಾಕುವ ಮುಂಚೆ, ನಾಳೆಯ ಪತ್ರಿಕೆಯಲ್ಲಿ ಕ್ರಿಯಾಪದದ ಪಕ್ಕದಲ್ಲಿ ತಮ್ಮ ಹೆಸರು ನಿಲ್ಲುವುದೆಂದು ಸ್ವಲ್ಪ ಯೋಚಿಸಿಯಾರು.

ವಾಚಕರಲ್ಲಿಯೂ ಒಂದು ಮಾತು. ಅಂಥ ಸುದ್ದಿಯನ್ನು ಓದಿದಾಗ ಹಳ್ಳಿಯ ಮುದುಕಿಯ ನೆರೆಯವರು ಕೇಳುವ ಪ್ರಶ್ನೆಯನ್ನು ಪತ್ರಿಕೆಗೆ ಬರೆದು ಕೇಳಿ: ಕೆಡವಿದೋರು ಯಾರು? ಉತ್ತರ ಅಚ್ಚಾಗುವವರೆಗೆ ಕೇಳುತ್ತಿರಿ.